ಹೊಸ್ತಿಲು ದಾಟದ ಕಾರ್ಯದರ್ಶಿ

"ನಲವತ್ತೆರಡು ಜನ ಒಳಗೆ ಬಂದರು ಸ್ವಾಮಿ. ಒಬ್ಬರು ಮಾತ್ರ ಹೊಸ್ತಿಲು ದಾಟಲಿಲ್ಲ," ಎಂದರು ಅರ್ಚಕರು.

ಇನ್ಸ್‌ಪೆಕ್ಟರ್ ಕಾಳಪ್ಪ ಟೋಪಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಗರ್ಭಗುಡಿಯ ಎದುರು ನಿಂತಿದ್ದ. ಶ್ರೀರಂಗಪಟ್ಟಣದ ಹೊಳೆದಂಡೆಯ ಅಮ್ಮನ ಗುಡಿ, ಸೋಮವಾರ ಬೆಳಿಗ್ಗೆ ಹತ್ತು ಗಂಟೆ. ಮಂಗಳಾರತಿ ಮುಗಿದು ಜನ ಕರಗಿದ್ದರು.

"ಯಾರು ಅವರು?"

"ಹೆಸರು ತಿಳಿಯದು. ದಪ್ಪ ಮೀಸೆ, ಗಂಜಿ ಹಾಕಿದ ಬಿಳಿ ಪಂಚೆ. ರಘುನಂದನ್ ಅವರ ಬೆನ್ನ ಹಿಂದೆ ಸದಾ ಇರ್ತಾರಲ್ಲ, ಅವರೇ. 'ನೀವೆಲ್ಲ ಹೋಗಿ ಬನ್ನಿ, ನಾನು ಚಪ್ಪಲಿ ಕಾಯ್ತೀನಿ' ಅಂತ ಅರಳಿಕಟ್ಟೆ ಮೇಲೆ ಕೂತುಬಿಟ್ಟರು."

ಕಾಳಪ್ಪನಿಗೆ ನಗು ಬರುವಂತಾಯಿತು. ಚಲುವರಾಜು! ಪಕ್ಷದ ಪಾಂಡವಪುರ ತಾಲ್ಲೂಕು ಕಾರ್ಯದರ್ಶಿ. ಸಭೆಗಳಲ್ಲಿ ಅವನ ಚಪ್ಪಲಿ ಹುಡುಕಿ ತಂದುಕೊಡಲು ಇಬ್ಬರು ಇರುತ್ತಿದ್ದರು. ಅಂಥವನು ನಲವತ್ತೆರಡು ಜೊತೆ ಚಪ್ಪಲಿ ಕಾಯಲು ಕುಳಿತನಂತೆ.

"ಎಷ್ಟು ಹೊತ್ತು ಕೂತಿದ್ರು?"

"ನಾಲ್ಕಕ್ಕೆ ಬಂದವರು ಹೊರಡುವಾಗ ಆರಾಗಿತ್ತು. ಅಲ್ಲಿಯವರೆಗೂ ಕಟ್ಟೆ ಬಿಟ್ಟು ಏಳಲಿಲ್ಲ. ಪಾಪ, ನಾನೇ ಕುಂಕುಮದ ತಟ್ಟೆ ಹೊರಗೆ ತಗೊಂಡು ಹೋದೆ. ಕೈ ಹಿಂದಕ್ಕೆ ಕಟ್ಟಿಕೊಂಡರು. 'ಆಮೇಲೆ ಸ್ವಾಮಿ' ಅಂದರು."

ಮೊನ್ನೆ ಶುಕ್ರವಾರದ ಸಂಜೆ ಇಲ್ಲಿ ನಡೆದದ್ದು ಆಣೆಯ ಕಾರ್ಯಕ್ರಮ. ಭಾನುವಾರ ಪಕ್ಷದ ಜಿಲ್ಲಾ ಅಧ್ಯಕ್ಷರ ಚುನಾವಣೆ. ಅದಕ್ಕೆ ನಿಂತಿದ್ದ ರಘುನಂದನ್ ತನ್ನ ಕಡೆಯ ಪ್ರತಿನಿಧಿಗಳನ್ನೆಲ್ಲ ಬಸ್ಸಿನಲ್ಲಿ ತುಂಬಿಕೊಂಡು ಬಂದು, ಉರಿಯುವ ಕರ್ಪೂರವನ್ನು ಒಬ್ಬೊಬ್ಬರ ಅಂಗೈಯಿಂದ ಆರಿಸಿ, 'ಕೈ ಕೊಡೋದಿಲ್ಲ' ಎಂದು ದೇವರ ಮುಂದೆ ಹೇಳಿಸಿದ್ದ. ರಾಜಕೀಯದವರಿಗೆ ಒಬ್ಬರ ಮೇಲೊಬ್ಬರಿಗೆ ನಂಬಿಕೆ ಇಲ್ಲದಿದ್ದರೂ ಅಮ್ಮನ ಮೇಲೆ ಇದೆ, ಅಷ್ಟು ಪುಣ್ಯ.

ಈ ಸಲ ಭಯಕ್ಕೆ ಕಾರಣವೂ ಇತ್ತು. ಲಂಕೆಗೆ ಸೈನ್ಯ ಕಳಿಸಿದ್ದು ಪಕ್ಷದ ದಿಲ್ಲಿಯ ಹಿರಿಯರು. ಅದು ಯಾರ ಯುದ್ಧ, ನಮ್ಮ ಹುಡುಗರು ಯಾಕೆ ಸಾಯಬೇಕು ಎಂದು ಟೀ ಅಂಗಡಿಗಳಲ್ಲೆಲ್ಲ ಜನ ಬೈಯುತ್ತಿದ್ದರು. ಎದುರಾಳಿ ಹೊನ್ನಪ್ಪ ನಾಗಮಂಗಲದಿಂದ ಕೆ.ಆರ್. ಪೇಟೆಯವರೆಗೆ ಅದನ್ನೇ ಹೇಳಿಕೊಂಡು ತಿರುಗಿದ. ರಘುನಂದನ್ ಮಾತ್ರ ಹಿರಿಯರನ್ನು ಬಿಟ್ಟುಕೊಡಲಿಲ್ಲ. 'ನಮ್ಮ ಜಿಲ್ಲೆಯ ಒಬ್ಬ ಹುಡುಗನ ಉಗುರೂ ಮುಕ್ಕಾಗಿಲ್ಲ' ಎನ್ನುವುದು ಪ್ರತಿ ಭಾಷಣದಲ್ಲಿ ಅವನ ಕೊನೆಯ ಮಾತು. ನಿನ್ನೆ ಗೆದ್ದ, ಐದೇ ಮತಗಳಿಂದ.

ಕಾಳಪ್ಪನ ಅಂಗಿಯ ಜೇಬಿನಲ್ಲಿ ಒಂದು ತಂತಿ ಸುದ್ದಿಯ ನಕಲು ಇತ್ತು. ತಂತಿ ಹಂಚುವ ಮರಿಯಯ್ಯನ ಹೆಣ ಶನಿವಾರ ಬೆಳಿಗ್ಗೆ ನಾಲೆಯಲ್ಲಿ ಸಿಕ್ಕಿದಾಗ ಅವನ ಚೀಲ ಬರಿದಾಗಿತ್ತು. ಅಂಚೆ ಕಚೇರಿಯ ಗುಮಾಸ್ತ ರಜೆಯಿಂದ ಬಂದು ಬೀರು ತೆಗೆದು ಈ ನಕಲು ಕೊಟ್ಟದ್ದು ಇವತ್ತು ಬೆಳಿಗ್ಗೆ. ಶುಕ್ರವಾರ ಬಂದಿದ್ದ ಒಂದು ತಂತಿ ಹುಣಸೆಕೊಪ್ಪಲಿನ ಚಿಕ್ಕಬೋರಮ್ಮನಿಗೆ. ಮಗ ಲೋಕೇಶ್ ಲಂಕೆಯಲ್ಲಿ ಸತ್ತಿದ್ದಾನೆ, ಸೈನಿಕ ಮರ್ಯಾದೆಯೊಡನೆ ಅಂತ್ಯಕ್ರಿಯೆ ಅಲ್ಲೇ ಮುಗಿದಿದೆ ಎಂದಿತ್ತು.

ಹುಣಸೆಕೊಪ್ಪಲಿನಲ್ಲಿ ಆ ಸುದ್ದಿ ಯಾರಿಗೂ ಗೊತ್ತಿರಲಿಲ್ಲ. ಚಿಕ್ಕಬೋರಮ್ಮ ಶಿವರಾತ್ರಿಗೆ ಮಗ ಬರುತ್ತಾನೆಂದು ಗೋಡೆಗೆ ಸುಣ್ಣ ಹೊಡೆಸುತ್ತಿದ್ದಳು. ಚಲುವರಾಜು ಅವಳ ಗಂಡನ ತಮ್ಮ.

ಕಾಳಪ್ಪ ನಾಗಮಂಗಲದ ಅಕ್ಕಸಾಲಿ ಮನೆಯವನು. ದೊಡ್ಡಪ್ಪ ತೀರಿಕೊಂಡಾಗ ಅವನ ಅಪ್ಪ ಅರ್ಧ ಮಾಡಿದ್ದ ತಾಳಿಯನ್ನು ಹಾಗೇ ಬಟ್ಟೆಯಲ್ಲಿ ಸುತ್ತಿಟ್ಟು, ಹನ್ನೊಂದು ದಿವಸ ಕುಲುಮೆ ಹಚ್ಚಿರಲಿಲ್ಲ. ಮದುವೆ ಮನೆಯವರು ಬಾಗಿಲಲ್ಲಿ ನಿಂತು ಬೈದರೂ ಜಗ್ಗಲಿಲ್ಲ. ಸೂತಕದವನು ದೇವರ ಬಾಗಿಲು ತುಳಿಯಬಾರದು, ಕುಂಕುಮ ಮುಟ್ಟಬಾರದು, ಕ್ಷೌರ ಮಾಡಿಸಬಾರದು. ಸೂತಕ ಶುರುವಾಗುವುದು ಸುದ್ದಿ ಕಿವಿಗೆ ಬಿದ್ದ ಗಳಿಗೆಯಿಂದ.

ಯಾರ ಕಿವಿಗೂ ಬೀಳದ ಸಾವಿಗೆ ಚಲುವರಾಜು ಶುಕ್ರವಾರ ನಾಲ್ಕು ಗಂಟೆಗೇ ಸೂತಕ ಹಿಡಿದಿದ್ದ.

ಅಂದರೆ ತಂತಿ ಅವನ ಕೈ ಸೇರಿತ್ತು.

"ಒಂದಿಷ್ಟು ಪ್ರಸಾದ ಕಟ್ಟಿಕೊಡಿ ಸ್ವಾಮಿ," ಎಂದ ಕಾಳಪ್ಪ. ಅರ್ಚಕರು ಕುಂಕುಮ, ಹೂವು ಕಾಗದದಲ್ಲಿ ಸುತ್ತಿಕೊಟ್ಟರು.

ಹೊರಗೆ ಜೀಪಿನ ಪಕ್ಕ ಹೆಡ್ ಕಾನ್ಸ್‌ಟೇಬಲ್ ಚಿಕ್ಕಮಾದಯ್ಯ ನಿಂತಿದ್ದ. ಆರು ವರ್ಷದಿಂದ ಕಾಳಪ್ಪನ ಜೊತೆಗಿದ್ದವನು. ಕಾಳಪ್ಪ ನಡೆದದ್ದನ್ನೆಲ್ಲ ಅವನಿಗೆ ಹೇಳಿದ. ಹೇಳಿಕೊಳ್ಳಲು ಬೇರೆ ಯಾರಿದ್ದರು?

"ಸರ್ಯಾಗಿ ಇಡ್ದ್ರಿ ಸಾರ್," ಎಂದು ಚಿಕ್ಕಮಾದಯ್ಯ ತಲೆದೂಗಿದ. "ಒಂದ್ನಿಮ್ಸ ಇರಿ, ಫೋನ್ ಮಾಡಿ ಬಂದ್ಬುಡ್ತೀನಿ. ಮನೇಲಿ ಎಮ್ಮೆ ಕರ ಆಕೋ ಟೇಮು."

"ಚಿಕ್ಕಬೋರಮ್ಮಂಗೆ ಮೊದಲು ಹೇಳಬೇಕಾಗಿತ್ತು ಕಣೋ," ಎಂದ ಕಾಳಪ್ಪ, ಅವನು ತಿರುಗಿ ಬಂದಮೇಲೆ.

"ಏಳುದ್ರೆ ಮುಗೀತು ಸಾರ್. ಗೋಳು ಸುರುವಾದ್ರೆ ಆ ಮನೇಲಿ ಯಾರ್ನ ಏನು ಕೇಳಾಕಾಯ್ತದೆ?"

ಅದೇ ಲೆಕ್ಕವನ್ನು ಕಾಳಪ್ಪನೂ ಹಾಕಿದ್ದ. ತನ್ನ ಕೆಲಸ ಕೆಡುತ್ತದೆಂದು ಒಬ್ಬ ತಾಯಿಗೆ ಸುದ್ದಿ ತಡ ಮಾಡುತ್ತಿದ್ದೇನೆ ಎನ್ನಿಸಿ ಅವನಿಗೆ ಮುಜುಗರವಾಯಿತು. ಸುದ್ದಿ ಬಚ್ಚಿಟ್ಟವರಿಗೂ ತನಗೂ ವ್ಯತ್ಯಾಸವೇನು ಎಂದು ಕೇಳಿಕೊಳ್ಳುತ್ತಲೇ ಜೀಪು ಹತ್ತಿದ.

ಚಲುವರಾಜು ಸಿಕ್ಕಿದ್ದು ಪಾಂಡವಪುರದಾಚೆ ತನ್ನ ಆಲೆಮನೆಯಲ್ಲಿ. ಕೆ.ಆರ್. ಪೇಟೆಯಲ್ಲಿ ರಘುನಂದನ್ ವಿಜಯದ ಮೆರವಣಿಗೆ ಹೊರಟಿದ್ದ ಹೊತ್ತು. ಇಪ್ಪತ್ತು ವರ್ಷದಲ್ಲಿ ಅವನ ಒಂದು ಮೆರವಣಿಗೆಯನ್ನೂ ತಪ್ಪಿಸದ ಮನುಷ್ಯ ಇಲ್ಲಿ ಆಳುಗಳ ಜೊತೆ ಬೆಲ್ಲದ ಕೊಪ್ಪರಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ.

"ಬನ್ನಿ ಇನ್ಸ್‌ಪೆಕ್ಟ್ರೇ. ಕಬ್ಬಿನಾಲು ಕುಡೀರಿ."

"ಮೆರವಣಿಗೆಗೆ ಹೋಗ್ಲಿಲ್ವಾ?"

"ಉಸಾರಿಲ್ಲ."

ಗದ್ದದ ಮೇಲೆ ಮೂರು ದಿನದ ಬಿಳಿ ಕೂಳೆ. ದಿನಾ ಬೆಳಿಗ್ಗೆ ಕ್ಷೌರದ ಅಂಗಡಿಯಲ್ಲಿ ಪೇಪರ್ ಓದುವುದು ಈತನ ಅಭ್ಯಾಸವೆಂದು ಪಾಂಡವಪುರಕ್ಕೆಲ್ಲ ಗೊತ್ತು.

ಕಾಳಪ್ಪ ಪೊಟ್ಟಣ ಬಿಚ್ಚಿ ಮುಂದೆ ಹಿಡಿದ. "ಅಮ್ಮನ ಗುಡಿಗೆ ಹೋಗಿದ್ದೆ. ಶುಕ್ರವಾರ ನಿಮ್ಮ ಪ್ರಸಾದ ಹಾಗೇ ಉಳಿದುಹೋಯ್ತಂತೆ. ತಗೊಳ್ಳಿ."

ಚಲುವರಾಜುವಿನ ಕೈ ಅರ್ಧದವರೆಗೆ ಬಂತು. ಅಲ್ಲಿಂದ ಹಿಂದಕ್ಕೆ ಹೋಗಿ ಪಂಚೆಗೆ ಒರೆಸಿಕೊಂಡಿತು.

"ಅಲ್ಲಿ ಮಡಗಿ. ಆಮ್ಯಾಕೆ ತಗತೀನಿ."

"ಯಾವಾಗ? ಹನ್ನೊಂದು ದಿವಸ ಕಳೆದ ಮೇಲಾ?"

ಚಲುವರಾಜು ಎದ್ದು, ಆಳುಗಳಿಗೆ ಕೇಳದಷ್ಟು ದೂರ, ಕಬ್ಬಿನ ಸಿಪ್ಪೆಯ ರಾಶಿಯ ಹಿಂದಕ್ಕೆ ನಡೆದ. ಕಾಳಪ್ಪ ಹಿಂಬಾಲಿಸಿದ.

"ಯಾರ್ ಏಳುದ್ರು ನಿಮ್ಗೆ?"

"ನೀವೇ. ಚಪ್ಪಲಿ ಕಾಯ್ಕೊಂಡು ಕೂತ್ರಲ್ಲ, ಆವಾಗ."

ಆ ದಪ್ಪ ಮೀಸೆಯ ಮನುಷ್ಯನ ಮುಖ ಒಮ್ಮೆಲೇ ಕುಸಿಯಿತು. ಅವನು ಅಳುವುದನ್ನು ನೋಡಬಾರದೆಂದು ಕಾಳಪ್ಪ ಗದ್ದೆಯ ಕಡೆ ತಿರುಗಿದ.

"ಮರಿಯಯ್ಯ ದಾರೀಲಿ ಸಿಕ್ಕುದ. 'ನಿಮ್ಮತ್ಗೆಗೆ ತಂತಿ ಬಂದದೆ ಗೌಡ್ರೇ' ಅಂದ. ನಾನೇ ಕೊಡ್ತೀನಿ ಅಂತ ಇಸ್ಕಂಡೆ. ಓದ್ದೆ. ಅಣ್ಣ ಸತ್ತಾಗ ಲೋಕೇಸಂಗೆ ನಾಕು ವರ್ಸ ಕಣ್ ಸ್ವಾಮಿ. ನನ್ನ ಎಗಲ ಮೇಲೇ ಬೆಳ್ದ."

"ಅತ್ತಿಗೆ ಹತ್ತಿರ ಯಾಕೆ ಹೋಗ್ಲಿಲ್ಲ?"

"ಓಯ್ತಿದ್ದೆ. ಕಾಲು ರಘಣ್ಣನ ತಾವ್ಕೆ ಎಳೀತು. ಏನು ಬಂದ್ರೂ ಮೊದ್ಲು ಅವ್ರಿಗೆ ಏಳಿ ಅಭ್ಯಾಸ. ಉಡುಗುನ್ನ ಮಿಲ್ಟ್ರಿಗೆ ಸೇರ್ಸಿದ್ದೂ ಅವ್ರೇ, ಕಾಗ್ದ ಕೊಟ್ಟು. ಓದ್ಬುಟ್ಟು ಜೇಬ್ಗೆ ಆಕ್ಕಂಡ್ರು. 'ಎರಡು ದಿವಸ ತಡಿ ಚಲುವ. ಸತ್ತೋನು ಎದ್ದು ಬರಲ್ಲ. ಭಾನುವಾರ ಕಳೀಲಿ, ನಾನೇ ಬಂದು ನಿಮ್ಮತ್ತಿಗೆ ಮುಂದೆ ಕೂತ್ಕೋತೀನಿ' ಅಂದ್ರು."

"ನೀವು ಒಪ್ಪಿಕೊಂಡ್ರಿ."

"ಒಪ್ಕಂಡೆ. ವೋಟೂ ಆಕ್ದೆ." ಚಲುವರಾಜು ಮೂಗು ಒರೆಸಿಕೊಂಡ. "ಎಲ್ಲಾ ಅವ್ರು ಏಳ್ದಂಗೇ ಮಾಡ್ದೆ. ಗುಡಿ ಒಳೀಕೆ ಮಾತ್ರ ಓಗಾಕಾಗ್ಲಿಲ್ಲ. ಅಲ್ಲೂ ಸುಳ್ಳಾಡಿದ್ರೆ ನಮ್ಮಣ್ಣನ ವಂಸಕ್ಕೆ ಏನುಳೀತದೆ ಸ್ವಾಮಿ?"

ಉಳಿಯಲು ಈಗ ಯಾರಿದ್ದಾರೆ ಎಂದು ಕಾಳಪ್ಪ ಕೇಳಲಿಲ್ಲ. ನಾಯಕನಿಗಾಗಿ ಅಣ್ಣನ ಮಗನ ಸಾವನ್ನೇ ಬಚ್ಚಿಟ್ಟವನು, ಆ ಸಾವಿನ ಮೈಲಿಗೆಯನ್ನು ಮಾತ್ರ ಬಚ್ಚಿಡಲಾರದೆ ಸಿಕ್ಕಿಬಿದ್ದಿದ್ದ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದರೂ ಕಾಳಪ್ಪನಿಗೆ ಆಗಲಿಲ್ಲ.

"ತಂತಿ ತಗೊಂಡಿದ್ದಕ್ಕೆ ಮರಿಯಯ್ಯನ ರಸೀತಿ ಪುಸ್ತಕದಲ್ಲಿ ಸಹಿ ಹಾಕಿದ್ರಾ?"

"ಊಂ. ಆಕಿ ಅವನ ಕೈಗೇ ವಾಪಸ್ ಕೊಟ್ಟೆ."

ಕಾಳಪ್ಪನ ಕಿವಿ ನಿಮಿರಿತು. ಆ ಪುಸ್ತಕ ಹೆಣದ ಬಳಿ ಇರಲಿಲ್ಲ. ನಾಲೆಯಿಂದ ಗದ್ದೆಗಳಿಗೆ ನೀರು ಬಿಡುವ ನೀರುಗಂಟಿ ಕುಳ್ಳಯ್ಯ ಶುಕ್ರವಾರ ನಾಲ್ಕೂವರೆಗೆ ಮರಿಯಯ್ಯನನ್ನು ಏರಿಯ ಮೇಲೆ ಮಾತಾಡಿಸಿದ್ದ. 'ಆ ಮನೇಲಿ ಅಳೋ ಸದ್ದೇ ಇಲ್ಲ, ಒಂದ್ಸಲ ಓಗಿ ನೋಡ್ಬೇಕು' ಎಂದಿದ್ದನಂತೆ ಮರಿಯಯ್ಯ. ಆರು ಗಂಟೆಗೆ ಕುಳ್ಳಯ್ಯ ತಿರುಗಿ ಬಂದಾಗ ಬೀಗ ಹಾಕಿದ ಸೈಕಲ್ಲೊಂದೇ ನಿಂತಿತ್ತು. ಆ ಒಂದೂವರೆ ಗಂಟೆಯಲ್ಲಿ ಅವನನ್ನು ನೀರಿಗೆ ತಳ್ಳಿದವನು ಯಾರೋ, ಪುಸ್ತಕ ಅವನ ಬಳಿ ಇರಬೇಕು. ಆ ಹೊತ್ತಿನಲ್ಲಿ ಚಲುವರಾಜು ಶ್ರೀರಂಗಪಟ್ಟಣದ ಅರಳಿಕಟ್ಟೆಯ ಮೇಲಿದ್ದ.

"ಇದನ್ನೆಲ್ಲ ಬರೆದುಕೊಡ್ತೀರಾ? ಕೋರ್ಟಲ್ಲಿ ಹೇಳ್ತೀರಾ?"

"ಏಳ್ತೀನಿ." ಚಲುವರಾಜು ಕೈ ಮುಗಿದ. "ಮೊದ್ಲು ಅತ್ಗೆ ಕಾಲು ಇಡೀತೀನಿ. ಬ್ಯಾರೆ ಯಾರಿಂದ್ಲೂ ಅವ್ಳಿಗೆ ತಿಳೀಬಾರ್ದು. ಅಷ್ಟು ಮಾಡ್ಕೊಡಿ ಸ್ವಾಮಿ. ಆಮ್ಯಾಕೆ ಎಲ್ಲಿ ಬೇಕಾದ್ರೂ ಸಹಿ ಆಕ್ತೀನಿ."

ಅಲ್ಲೇ, ಆ ಸಿಪ್ಪೆಯ ರಾಶಿಯ ಹಿಂದೆಯೇ ಬರೆಸಿಕೊಳ್ಳಬೇಕಿತ್ತು. ಕಾಳಪ್ಪ ಪೊಲೀಸಿನವನಂತೆ ಯೋಚಿಸುವುದನ್ನು ಬಿಟ್ಟು ಮನುಷ್ಯನಂತೆ ಯೋಚಿಸಿದ. "ಆಗಲಿ, ನಡೀರಿ," ಎಂದ.

ಜೀಪಿನ ಬಳಿ ಚಿಕ್ಕಮಾದಯ್ಯ ಇರಲಿಲ್ಲ. ಫೋನಿದ್ದ ಎದುರಿನ ಸೊಸೈಟಿ ಆಫೀಸಿನಿಂದ ಓಡುತ್ತಾ ಬಂದ.

"ಎಲ್ಲಿ ಹೋಗಿದ್ದೆ?"

"ಎಮ್ಮೆ ಸಾರ್. ಎಣ್ಣು ಕರ ಆಕ್ತು."

ಹುಣಸೆಕೊಪ್ಪಲಿನ ತಿರುವಿನಲ್ಲೇ ತಡವಾಯಿತೆಂದು ಕಾಳಪ್ಪನಿಗೆ ತಿಳಿಯಿತು. ಚಿಕ್ಕಬೋರಮ್ಮನ ಮನೆಯ ಮುಂದೆ ಬಿಳಿ ಅಂಬಾಸಿಡರ್ ಕಾರು, ಅದರ ಹಿಂದೆ ಎರಡು ವ್ಯಾನು, ಬೀದಿ ತುಂಬ ಜನ. ಮೆರವಣಿಗೆಯಲ್ಲಿ ಇರಬೇಕಾಗಿದ್ದ ರಘುನಂದನ್, ಹೊಸ ಸುಣ್ಣದ ಗೋಡೆಗೆ ಆನಿಸಿದ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದ. ಕೊರಳಲ್ಲಿ ಹಾರವಿರಲಿಲ್ಲ, ಹಾರದ ಹೂವಿನ ಎಸಳು ಮಾತ್ರ ಜುಬ್ಬದ ಮೇಲೆ ಅಲ್ಲಲ್ಲಿ ಅಂಟಿತ್ತು. ಅವನ ಹಿಂದೆ ಶುಕ್ರವಾರ ಕರ್ಪೂರ ಆರಿಸಿದವರಲ್ಲಿ ಇಪ್ಪತ್ತು ಜನರಾದರೂ ಇದ್ದರು.

ಜಗಲಿಯ ಮೇಲೆ ಚಿಕ್ಕಬೋರಮ್ಮ ಕುಳಿತಿದ್ದಳು. ಸುತ್ತ ಹೆಂಗಸರು ಬಾಯಿ ಬಡಿದುಕೊಳ್ಳುತ್ತಿದ್ದರು. ಅವಳು ಮಾತ್ರ ಅಳುತ್ತಿರಲಿಲ್ಲ. ಕೈಯಲ್ಲಿ ಒಂದು ಕಾಗದ ಹಿಡಿದು, ಓದಲು ಬಾರದಿದ್ದರೂ, ಅದನ್ನೇ ನೋಡುತ್ತಿದ್ದಳು.

ಮೊದಲು ಅವಳಿಗೆ ಹೇಳಬೇಕಾಗಿದ್ದ ಒಬ್ಬನೂ ಹೇಳಿರಲಿಲ್ಲ. ಹೇಳಬಾರದಾಗಿದ್ದವನು ಬಂದು ಹೇಳಿ ಮುಗಿಸಿದ್ದ.

"ಬನ್ನಿ ಕಾಳಪ್ಪಾಚಾರ್ರೇ," ಎಂದ ರಘುನಂದನ್ ಮೃದುವಾಗಿ. "ನಿಮ್ಮನ್ನೇ ಕಾಯ್ತಿದ್ದೆ. ಇಂಥ ದಿನ ಯಾರಿಗೂ ಬರಬಾರದು."

"ತಂತಿ ನಿಮ್ಮ ಕೈಗೆ ಹೇಗೆ ಬಂತು ಸಾರ್?"

"ಅದನ್ನ ಹೇಳೋಕೆ ನನಗೆ ನಾಚಿಕೆ ಆಗ್ತಿದೆ." ಅವನು ಪಕ್ಕದಲ್ಲಿದ್ದ ಕರವಸ್ತ್ರದ ಗಂಟು ಬಿಚ್ಚಿದ. ಒಳಗೆ ನೀಲಿ ರಟ್ಟಿನ ಸಣ್ಣ ಪುಸ್ತಕ, ಅಂಚು ನೀರು ಕುಡಿದು ಸುಕ್ಕಾಗಿತ್ತು. ಮರಿಯಯ್ಯನ ರಸೀತಿ ಪುಸ್ತಕ. "ಇವತ್ತು ಪಕ್ಷದ ಆಫೀಸಲ್ಲಿ ಚಲುವರಾಜು ಮೇಜಿನ ಡ್ರಾಯರ್ ತೆಗೆದ್ರೆ ಇದೂ ತಂತೀನೂ ಒಟ್ಟಿಗೆ ಸಿಕ್ಕಿದವು. ಕೊನೇ ಸಹಿ ಅವನದೇ. ಇಪ್ಪತ್ತು ವರ್ಷ ನನ್ನ ತಟ್ಟೇಲಿ ಉಂಡೋನು ನನಗೇ ಗೊತ್ತಿಲ್ಲದ ಹಾಗೆ ಇಂಥಾ ಕೆಲಸ ಮಾಡ್ತಾನೆ ಅಂತ ಕನಸಲ್ಲೂ ಎಣಿಸಿರಲಿಲ್ಲ."

ಚಲುವರಾಜು ರಘುನಂದನ್ ಮುಖವನ್ನು ನೋಡುತ್ತಿದ್ದ ರೀತಿಯಲ್ಲಿ ಕೋಪವೂ ಇರಲಿಲ್ಲ. ಇನ್ನೂ ಅಪ್ಪಣೆಗೆ ಕಾಯುವವನ ಹಾಗೆ ನಿಂತಿದ್ದ.

"ಚಲುವ," ಎಂದಳು ಚಿಕ್ಕಬೋರಮ್ಮ. ಹೆಂಗಸರ ಗೋಳು ತಟ್ಟನೆ ನಿಂತಿತು. "ಯಾವತ್ತು ಗೊತ್ತಾಯ್ತು ನಿಂಗೆ?"

"ಅತ್ಗೆ..."

"ಸನಿವಾರ ಬಂದು ಇದೇ ಜಗ್ಲೀಲಿ ಕೂತ್ಕಂಡು ಉಂಡ್ಯಲ್ಲಾ. 'ಲೋಕೇಸ ಬರಗಂಟ ಅಟ್ಟಕ್ಕೂ ಸುಣ್ಣ ಒಡ್ಸು' ಅಂದ್ಯಲ್ಲಾ. ಆಗ್ಲೇ ಗೊತ್ತಿತ್ತಾ?"

ಚಲುವರಾಜು ನೆಲಕ್ಕೆ ಕುಸಿದು ಅವಳ ಪಾದಕ್ಕೆ ಕೈ ಚಾಚಿದ. ಅವಳು ಕಾಲು ಮೇಲಕ್ಕೆ ಎಳೆದುಕೊಂಡಳು.

ಕಾಳಪ್ಪ ದನಿ ಏರಿಸಿದ. "ತಂತಿ ಬಚ್ಚಿಟ್ಟಿದ್ದು ತಪ್ಪು, ಸರಿ. ಆದರೆ ಮರಿಯಯ್ಯ ಸತ್ತ ಹೊತ್ತಿನಲ್ಲಿ ಇವರು ಶ್ರೀರಂಗಪಟ್ಟಣದಲ್ಲಿದ್ದರು. ನಾಲ್ಕರಿಂದ ಆರರ ತನಕ ನಿಮ್ಮೆಲ್ಲರ ಚಪ್ಪಲಿ ಕಾಯ್ತಾ ಅರಳಿಕಟ್ಟೆ ಮೇಲೆ ಕೂತಿದ್ದರು. ನೀವೆಲ್ಲ ನೋಡಿದೀರಿ. ಹೇಳಿ."

ಇಪ್ಪತ್ತು ಜನ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಎಲ್ಲರೂ ರಘುನಂದನ್ ಕಡೆ ನೋಡಿದರು. ಅವನು ಕಣ್ಣು ಮುಚ್ಚಿ ಕೈ ಮುಗಿದು ಕುಳಿತಿದ್ದ.

"ಹೇಳಿ ಸೋಮಯ್ಯನವರೇ, ನೀವು ಹಿರಿಯರು."

ಪಕ್ಷದ ಹಳೆಯ ಕಾರ್ಯಕರ್ತ ಸೋಮಯ್ಯ ಗಂಟಲು ಸರಿಮಾಡಿಕೊಂಡ. "ನಾವು ಒಳಗಿದ್ದೋ ಸ್ವಾಮಿ. ಒರಗಡೆ ಯಾರ್ ಕೂತಿದ್ರೋ, ಯಾರ್ ಎದ್ದೋದ್ರೋ, ಒಳಗಿದ್ದೋರ್ಗೆ ಎಂಗೆ ಗೊತ್ತಾಯ್ತದೆ?"

"ಊಂ ಮತ್ತೆ," ಎಂದಿತು ಇನ್ನೊಂದು ದನಿ. "ನಾವೆಲ್ಲ ಅಮ್ಮನ ಮುಂದೆ ನಿಂತಿದ್ದೋ."

ಅವರು ಹೇಳಿದ್ದರಲ್ಲಿ ಸುಳ್ಳು ಒಂದು ಅಕ್ಷರವೂ ಇರಲಿಲ್ಲ. ಅಮ್ಮನಿಗೆ ಹೆದರಿ ಹೊಸ್ತಿಲು ದಾಟದೆ ಉಳಿದದ್ದೇ ಚಲುವರಾಜುವಿಗೆ ಮುಳುವಾಗಿತ್ತು. ಒಳಗೆ ಹೋಗಿ ಕರ್ಪೂರ ಆರಿಸಿದ್ದರೆ ಇವತ್ತು ಅವನಿಗೆ ನಲವತ್ತೆರಡು ಸಾಕ್ಷಿ ಇರುತ್ತಿತ್ತು.

"ನಿಮ್ಮ ಸಾಹೇಬರಿಗೆ ಆಗಲೇ ಫೋನ್ ಮಾಡಿದೀನಿ," ಎಂದ ರಘುನಂದನ್ ಕಣ್ಣು ತೆರೆದು. "ಜನ ರೊಚ್ಚಿಗೆದ್ದಿದಾರೆ. ಇವನನ್ನ ಇಲ್ಲಿಂದ ಕರಕೊಂಡು ಹೋಗೋದು ಅವನಿಗೇ ಕ್ಷೇಮ. ಕಾನೂನು ಏನಿದೆಯೋ ಅದು ಮಾಡಿ ಆಚಾರ್ರೇ, ನಾನು ಅಡ್ಡ ಬರೋದಿಲ್ಲ."

ಪುಸ್ತಕ ಎದುರಿಗಿತ್ತು. ಸಹಿ ಅದರೊಳಗಿತ್ತು. ಮೇಲಧಿಕಾರಿಯ ಅಪ್ಪಣೆ ದಾರಿಯಲ್ಲಿತ್ತು. ಕಾಳಪ್ಪನ ಬಳಿ ಇದ್ದದ್ದು, ಬರೆಸಿಕೊಳ್ಳದೆ ಬಿಟ್ಟ ಎರಡು ಮಾತು, ಒಂದು ಚಲುವರಾಜುವಿನದು, ಇನ್ನೊಂದು ಅವನ ಹೆಸರೂ ತಿಳಿಯದ ಅರ್ಚಕರದು. ಬಂಧಿಸದೆ ಬೇರೆ ದಾರಿ ಅವನಿಗೆ ಕಾಣಲಿಲ್ಲ. ಇಷ್ಟು ಕೈಲಾಗದವನಾಗಿ ಅವನು ಹದಿನೆಂಟು ವರ್ಷದ ನೌಕರಿಯಲ್ಲಿ ಎಂದೂ ನಿಂತಿರಲಿಲ್ಲ.

ತಾನು ಪತ್ತೆ ಮಾಡಿದ್ದನ್ನು ಇವರಿಗೆಲ್ಲ ಇಷ್ಟು ಬೇಗ ಮುಟ್ಟಿಸಿದವರು ಯಾರು? ಆ ಪ್ರಶ್ನೆ ತಲೆಯಲ್ಲಿ ಸುಳಿದು ಹೋಯಿತು. ಯೋಚಿಸಲು ಹೊತ್ತಿರಲಿಲ್ಲ, ಹಿಂದಿನಿಂದ ಜನ ಒತ್ತುತ್ತಿದ್ದರು.

"ಚಿಕ್ಕಮಾದಯ್ಯ! ಬೇಡಿ ತಗೊಂಬಾ," ಎಂದು ಕೂಗಿದ.

ಅಷ್ಟು ಹೊತ್ತೂ ಜೀಪಿನ ಹಿಂದೆಯೇ ನಿಂತಿದ್ದ ಚಿಕ್ಕಮಾದಯ್ಯ ಜನರನ್ನು ಸರಿಸಿಕೊಂಡು, ತಲೆ ತಗ್ಗಿಸಿ ಬಂದ. ಚಲುವರಾಜು ತಾನಾಗಿಯೇ ಎರಡೂ ಕೈ ಮುಂದೆ ಚಾಚಿದ.

ಚಿಕ್ಕಬೋರಮ್ಮ ಕಾಗದದಿಂದ ಕಣ್ಣು ಎತ್ತಿದಳು. ಬೇಡಿ ಹಿಡಿದ ಮನುಷ್ಯನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು.

"ಇವ್ನು ಪೋಲೀಸ್ನೋನಾ?" ಎಂದಳು.

"ಹೌದಮ್ಮ. ನಮ್ಮ ಹೆಡ್ ಕಾನ್ಸ್‌ಟೇಬಲ್ಲು."

"ಸುಕ್ರವಾರ ಬೈಗೆ ಆಲು ಕರೆಯೋ ಒತ್ನಲ್ಲಿ ಮರಿಯಯ್ಯ ಬಾಗ್ಲಿಗೆ ಬಂದಿದ್ದ. 'ಅಕ್ಕಾ, ಒಂದು ಮಾತು ಏಳ್ಬೇಕು' ಅಂದ. ಅಷ್ಟೇಯ. ಇವ್ನು ಪಂಚೆ ಉಟ್ಕಂಡು ಇಂದ್ಗಡೆಯಿಂದ ಬಂದು ಅವನ ತೋಳಿಡ್ಕಂಡು ನಾಲೆ ಕಡೀಕೆ ಎಳ್ಕಂಡೋದ."

ಕಾಳಪ್ಪ ಬೇಡಿಯ ಕೀಲಿಗಾಗಿ ಕೈ ಚಾಚಿದ.

ಚಿಕ್ಕಮಾದಯ್ಯ ತಲೆ ಎತ್ತಲಿಲ್ಲ. ಚಲುವರಾಜುವಿನ ಮಣಿಕಟ್ಟಿಗೆ ಬೇಡಿ ಬಿಗಿದು ಕೀಲಿ ತಿರುಗಿಸಿದ. ಆ ಕೀಲಿಯನ್ನು ಕಾಳಪ್ಪ ಚಾಚಿದ ಕೈಗೆ ಕೊಡದೆ, ನೇರವಾಗಿ ಚಾಪೆಯ ಬಳಿಗೆ ನಡೆದು ಹೋಗಿ, ರಘುನಂದನ್ ಮುಂದೆ ಇಟ್ಟ.